ಒಪ್ಪಂದ ಬಿಟ್ಟರೆ ಬಾಕಿ ಬಿಡುತ್ತದೆಯೇ?



ನಮ್ಮ ಕಳೆದ ಮಹಾಸಭೆಗೆ ಬಂದಿದ್ದವರಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆ ನಡೆದ ಬಿಸಿಬಿಸಿ ಚರ್ಚೆ ನೆನಪಿರಬಹುದು. ಹೊರದೇಶದ ಅಡಿಕೆ, ಕಾಳುಮೆಣಸು ಶ್ರೀಲಂಕಾದ ದಾರಿಯಲ್ಲಿ ಸುಂಕವಿಲ್ಲದೆ ಒಳಗೆ ಬರುತ್ತಿದೆ ಎಂಬ ದೂರು ಎದ್ದಿತು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೇ, ಬರೆದುಕೊಳ್ಳಿ. ಸರ್ಕಾರ ಆ ಒಪ್ಪಂದವನ್ನು ನಾಳೆ ಬೆಳಿಗ್ಗೆಯೇ ಹರಿದು ಹಾಕಬೇಕು" ಎಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ಬರೆದುಕೊಂಡೆ.

ಆಗ ಹಿಂದಿನ ಸಾಲಿನಿಂದ ಒಬ್ಬ ತರುಣ ಬೆಳೆಗಾರರು ಕೇಳಿದರು: "ಸಾರ್, ದೇಶ ದೇಶಗಳ ಒಪ್ಪಂದವನ್ನು ಹಾಗೆ ನಾಳೆ ಬೆಳಿಗ್ಗೆ ಹರಿಯಲು ಬರುತ್ತದೆಯೇ? ಹರಿದರೆ ಮುಂದೇನಾಗುತ್ತದೆ?"

ಉತ್ತರ ನನ್ನ ಬಳಿ ಇರಲಿಲ್ಲ. ಅಧ್ಯಕ್ಷರು ನಗುತ್ತಾ, "ಕಾರ್ಯದರ್ಶಿಗಳು ಓದಿ ತಿಳಿದುಕೊಂಡು ಪತ್ರಿಕೆಯಲ್ಲಿ ಬರೆಯಲಿ, ನಿರ್ಣಯವನ್ನು ಅಲ್ಲಿಯವರೆಗೆ ಮೇಜಿನ ಮೇಲಿಡೋಣ" ಎಂದು ಅಪ್ಪಣೆ ಮಾಡಿದರು. ಮಳೆಗಾಲದ ರಾತ್ರಿಗಳಲ್ಲಿ ಓದಿದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ವಕೀಲನಲ್ಲ. ಆದರೂ ಇದು ವಕೀಲರಿಗೆ ಮಾತ್ರ ಬಿಟ್ಟುಬಿಡುವ ವಿಷಯವಲ್ಲ. ನಮ್ಮ ಕಣದಲ್ಲಿ ಒಣಗುವ ಕಾಫಿಯ ಬೆಲೆ ಒಂದು ಕಾಲದಲ್ಲಿ ಇಂಥದೇ ಒಂದು ಒಪ್ಪಂದದ ಮೇಲೆ ನಿಂತಿತ್ತು. ಅದು ಕುಸಿದಾಗ ನಾವೂ ಕುಸಿದೆವು.

ಮೊದಲು ನಮ್ಮ ಮನೆಯ ಕಥೆ

ಹಿರಿಯರಿಗೆ ಗೊತ್ತಿರುವುದನ್ನು ಕಿರಿಯರಿಗಾಗಿ ಹೇಳುತ್ತೇನೆ. ಕಾಫಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವನ್ನು ಮಾಡಿಕೊಂಡವು. ಮರುವರ್ಷ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಆರಂಭವಾಯಿತು. ಯಾವ ದೇಶ ಎಷ್ಟು ಕಾಫಿಯನ್ನು ಹೊರಗೆ ಕಳುಹಿಸಬಹುದು ಎಂಬುದಕ್ಕೆ ಕೋಟಾ ಗೊತ್ತುಪಡಿಸಿ, ಬೆಲೆ ತೀರಾ ಬೀಳದಂತೆ, ತೀರಾ ಏರದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಸಂಸ್ಥೆಯ ಮಂಡಲಿಯಲ್ಲಿ ಬೆಳೆಯುವ ದೇಶಗಳಿಗೆಲ್ಲ ಸೇರಿ 1000 ಮತ, ಕೊಳ್ಳುವ ದೇಶಗಳಿಗೆಲ್ಲ ಸೇರಿ 1000 ಮತ. ಒಪ್ಪಂದ 1968, 1976 ಮತ್ತು 1983ರಲ್ಲಿ ಹೊಸ ರೂಪ ಪಡೆಯಿತು. ಬೇಡಿಕೆ ಹೆಚ್ಚಿದ ಕಾಲದಲ್ಲಿ ಕೋಟಾ ಪದ್ಧತಿ ನಿಂತದ್ದೂ ಉಂಟು. ಆದರೆ 1980ರ ನಂತರದ ಬಹುಪಾಲು ವರ್ಷಗಳಲ್ಲಿ ಪೌಂಡಿಗೆ 120ರಿಂದ 140 ಅಮೆರಿಕನ್ ಸೆಂಟಿನ ಆಸುಪಾಸಿನಲ್ಲಿ ಬೆಲೆಯನ್ನು ಹಿಡಿದಿಡುವ ಪ್ರಯತ್ನ ನಡೆಯಿತು.

1989ರಲ್ಲಿ ಅದು ಮುರಿಯಿತು. 1983ರ ಒಪ್ಪಂದದ ಅವಧಿ ಮುಗಿಯುತ್ತಾ ಬಂದಿತ್ತು, ಹೊಸ ಒಪ್ಪಂದದ ಮಾತುಕತೆ ಕೂಡಿಬರಲಿಲ್ಲ. ಸದಸ್ಯರಲ್ಲದ ದೇಶಗಳಿಗೆ ಅಗ್ಗದ ಬೆಲೆಗೆ ಕಾಫಿ ಹೋಗುತ್ತಿದೆ, ನಮಗೆ ಬೇಕಾದ ಮೃದು ಅರೇಬಿಕಾ ಸಾಕಷ್ಟು ಸಿಗುತ್ತಿಲ್ಲ ಎಂದು ಅಮೆರಿಕಾ ದೂರಿತು. ಬ್ರೆಜಿಲ್ ತನ್ನ ಕೋಟಾದ ಪಾಲನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 1989ರ ಜುಲೈ ತಿಂಗಳ ಮೊದಲ ವಾರದಲ್ಲಿ ಕೋಟಾ ರದ್ದಾಯಿತು. ಗೋದಾಮುಗಳಲ್ಲಿದ್ದ ಕಾಫಿಯೆಲ್ಲ ಒಮ್ಮೆಗೇ ಮಾರುಕಟ್ಟೆಗೆ ನುಗ್ಗಿತು. 1988ರಲ್ಲಿ ಪೌಂಡಿಗೆ ಸುಮಾರು 116 ಸೆಂಟು ಇದ್ದ ಸಂಸ್ಥೆಯ ಸರಾಸರಿ ಸೂಚಕ ಬೆಲೆ 1992ರಲ್ಲಿ ಸುಮಾರು 53 ಸೆಂಟಿಗೆ ಇಳಿಯಿತು.

ಆಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ತಂದೆಯವರು ಕಾಫಿಯನ್ನು ಪೂಲಿಗೆ ಕೊಟ್ಟು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲ. ತೋಟದ ಕೆಳಗಿನ ತಾಕಿನಲ್ಲಿ ಹಳೆಯ ಗಿಡ ಕಿತ್ತು ಹೊಸದು ನೆಡುವುದೆಂದು ಗುಂಡಿ ತೆಗೆಸಿದ್ದರು. ಆ ಗುಂಡಿಗಳು ಎರಡು ಮಳೆಗಾಲ ನೀರು ತುಂಬಿಕೊಂಡು ಹಾಗೆಯೇ ಉಳಿದವು. "ಲಂಡನ್ನಿನಲ್ಲಿ ಯಾರೋ ಜಗಳವಾಡಿದರೆ ನಮ್ಮ ಗುಂಡಿಗೆ ಗಿಡ ಬೀಳಲಿಲ್ಲವಲ್ಲ" ಎಂದು ತಂದೆಯವರು ಅನ್ನುತ್ತಿದ್ದರು. ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ 1991ರಲ್ಲಿ ಒಡೆಯಿತು. ಎರಡು ಪೆಟ್ಟು ಒಟ್ಟಿಗೆ ಬಿದ್ದವು.

ಇಲ್ಲಿ ಒಂದು ಸೂಕ್ಷ್ಮವಿದೆ. 1989ರಲ್ಲಿ ಕಾನೂನಿನ ದೃಷ್ಟಿಯಿಂದ ಯಾರೂ ಒಪ್ಪಂದವನ್ನು ಮುರಿಯಲಿಲ್ಲ. ಅವಧಿ ಮುಗಿಯುವ ಹಂತದಲ್ಲಿ, ಕೋಟಾ ಇಲ್ಲದೆ ಒಪ್ಪಂದವನ್ನು ಮುಂದುವರಿಸಲು ಮಂಡಲಿ ತೀರ್ಮಾನಿಸಿತು, ಅಷ್ಟೆ. ಅಮೆರಿಕಾ ವಿಧಿವತ್ತಾಗಿ ಹೊರಗೆ ಹೋದದ್ದು 1993ರಲ್ಲಿ. 2005ರಲ್ಲಿ ಮತ್ತೆ ಬಂದು ಸೇರಿತು. 2018ರಲ್ಲಿ ಮತ್ತೆ ಬಿಟ್ಟಿತು. ಪ್ರತಿ ಸಲವೂ ಒಪ್ಪಂದದ ಬಾಗಿಲಿನಿಂದಲೇ ಹೋದುದರಿಂದ, "ನಮಗೆ ನಷ್ಟವಾಯಿತು, ಪರಿಹಾರ ಕೊಡಿ" ಎಂದು ಯಾವ ಬೆಳೆಗಾರ ದೇಶವೂ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ನಷ್ಟ ಬೇರೆ, ತಪ್ಪು ಬೇರೆ. ನಮಗೆ ನಷ್ಟವಾದ ಮಾತ್ರಕ್ಕೆ ಎದುರಿನವನು ಕಾನೂನು ಮುರಿದನೆಂದು ಆಗುವುದಿಲ್ಲ. ಮನಸ್ಸಿಗೆ ಇದು ಒಪ್ಪುವುದಿಲ್ಲ, ಆದರೆ ಕಾನೂನು ಇರುವುದು ಹೀಗೆ.

ಚೇಣಿಯ ಮಾತಿನಲ್ಲಿ ಹೇಳುವುದಾದರೆ

ಅಡಿಕೆ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುವ ಪದ್ಧತಿ ನಮಗೆಲ್ಲ ಗೊತ್ತು. ಚೇಣಿದಾರ ಮುಂಗಡ ಕೊಟ್ಟು, ಎರಡು ಕೊಯ್ಲು ಮುಗಿಸಿ, ಧಾರಣೆ ಬಿದ್ದಿತೆಂದು ಮೂರನೆಯ ಕೊಯ್ಲಿಗೆ ಬಾರದೆ ಹೋದನೆನ್ನಿ. ಆಗ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಒಂದು, ನಡುವೆ ಬಿಡಬಹುದೆಂದು ಕರಾರಿನಲ್ಲಿ ಮಾತು ಇತ್ತೇ? ಎರಡು, ಇಲ್ಲದಿದ್ದರೆ ಬಿಡಲು ಅವನು ಹೇಳುವ ಕಾರಣ ನ್ಯಾಯವಾದದ್ದೇ? ಮೂರು, ಈಗಾಗಲೇ ಕೊಯ್ದುಕೊಂಡು ಹೋದ ಅಡಿಕೆಯ ಲೆಕ್ಕ ಏನು?

ದೇಶ ದೇಶಗಳ ಕಾನೂನು ಕೇಳುವುದೂ ಇದೇ ಮೂರು ಪ್ರಶ್ನೆ. ಈ ಕಾನೂನನ್ನು ಒಂದೆಡೆ ಬರೆದಿಟ್ಟಿರುವುದು 1969ರ ಮೇ 22ರಂದು ಅಂಗೀಕಾರವಾಗಿ, 1980ರ ಜನವರಿ 27ರಿಂದ ಜಾರಿಗೆ ಬಂದ ವಿಯೆನ್ನಾ ಒಡಂಬಡಿಕೆಯಲ್ಲಿ. ಒಪ್ಪಂದಗಳನ್ನು ಹೇಗೆ ಮಾಡಬೇಕು, ಹೇಗೆ ಅರ್ಥಮಾಡಬೇಕು, ಹೇಗೆ ಬಿಡಬೇಕು ಎಂಬುದಕ್ಕೇ ಮಾಡಿದ ಒಪ್ಪಂದ ಇದು. ಭಾರತ ಇದಕ್ಕೆ ಸೇರಿಲ್ಲ. ಅಮೆರಿಕಾ ಸಹಿ ಮಾಡಿದ್ದರೂ ಸ್ಥಿರೀಕರಿಸಿಲ್ಲ. ಆದರೂ ಅದರಲ್ಲಿರುವ ಮುಖ್ಯ ನಿಯಮಗಳು ಬಹುಕಾಲದಿಂದ ರೂಢಿಯಲ್ಲಿದ್ದವೇ ಆದುದರಿಂದ, ಸೇರದವರಿಗೂ ಅವು ರೂಢಿಯ ಕಾನೂನಾಗಿ ಅನ್ವಯಿಸುತ್ತವೆ.

ಅದರ 26ನೆಯ ವಿಧಿ ಬುಡದ ಕಲ್ಲು: ಜಾರಿಯಲ್ಲಿರುವ ಒಪ್ಪಂದ ಮಾಡಿಕೊಂಡವರನ್ನು ಕಟ್ಟುತ್ತದೆ, ಅದನ್ನು ಪ್ರಾಮಾಣಿಕವಾಗಿ ನಡೆಸಬೇಕು. 27ನೆಯ ವಿಧಿ, ನಮ್ಮ ದೇಶದೊಳಗಿನ ಕಾನೂನು ಹೀಗಿದೆಯೆಂದು ಹೇಳಿ ಒಪ್ಪಂದದಿಂದ ನುಣುಚಿಕೊಳ್ಳಬಾರದು ಎನ್ನುತ್ತದೆ. ಮಗ ಒಪ್ಪುವುದಿಲ್ಲ ಎಂದು ಹೇಳಿ ಅಪ್ಪ ಚೇಣಿ ಮುರಿಯಲು ಬರುವುದಿಲ್ಲವಲ್ಲ, ಹಾಗೆ.

ಒಂದು: ಬಾಗಿಲು ಎಲ್ಲಿದೆ ನೋಡಬೇಕು

ಈಚಿನ ಹೆಚ್ಚಿನ ಒಪ್ಪಂದಗಳಲ್ಲಿ ಹೊರಗೆ ಹೋಗುವ ಬಾಗಿಲನ್ನು ಮೊದಲೇ ಇಟ್ಟಿರುತ್ತಾರೆ. ಅದಕ್ಕೆ ನೋಟೀಸಿನ ಅವಧಿಯೂ ಇರುತ್ತದೆ. 2007ರ ಕಾಫಿ ಒಪ್ಪಂದದಲ್ಲಿ ಈ ಅವಧಿ 90 ದಿನ. ವಿಶ್ವ ವ್ಯಾಪಾರ ಸಂಸ್ಥೆಗೆ ಆರು ತಿಂಗಳು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನಕ್ಕೆ ಒಂದು ವರ್ಷ. ಈ ಅವಧಿ ಮುಗಿಯುವವರೆಗೆ ನೋಟೀಸು ಕೊಟ್ಟ ದೇಶ ಪೂರ್ಣ ಸದಸ್ಯನೇ, ಎಲ್ಲ ಕರ್ತವ್ಯಗಳಿಗೂ ಬದ್ಧ. ಕೊಟ್ಟ ನೋಟೀಸನ್ನು ಅವಧಿಯೊಳಗೆ ಹಿಂದಕ್ಕೆ ಪಡೆಯಲೂಬಹುದು. ಗ್ಯಾಂಬಿಯಾ ಮತ್ತು ದಕ್ಷಿಣ ಆಫ್ರಿಕಾ ರೋಮ್ ಶಾಸನ ಬಿಡುವುದಾಗಿ 2016ರಲ್ಲಿ ಕೊಟ್ಟಿದ್ದ ನೋಟೀಸುಗಳನ್ನು 2017ರಲ್ಲಿ ವಾಪಸು ತೆಗೆದುಕೊಂಡವು. ಆದುದರಿಂದ ನೋಟೀಸಿನ ಅವಧಿಯೆಂದರೆ ಸಿಟ್ಟು ಇಳಿಯಲು ಕೊಟ್ಟ ಸಮಯವೂ ಹೌದು.

ನೋಟೀಸಿನ ಅವಧಿಯನ್ನು ದಾಟಿಕೊಂಡು ಓಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಂತೆಯೇ ಕಾಫಿ ಬೆಳೆಯುವ ಪುಟ್ಟ ದೇಶ ನಿಕರಾಗುವಾದ ಮೊಕದ್ದಮೆ ಸಾಕ್ಷಿ. ಅಮೆರಿಕಾ 1946ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಅಧಿಕಾರವನ್ನು ಒಪ್ಪಿಕೊಂಡು ಘೋಷಣೆ ಮಾಡಿತ್ತು. ಅದನ್ನು ಕೊನೆಗೊಳಿಸಬೇಕಾದರೆ ಆರು ತಿಂಗಳ ನೋಟೀಸು ಕೊಡುವುದಾಗಿ ತಾನೇ ಬರೆದಿತ್ತು. ನಿಕರಾಗುವಾದ ಬಂದರುಗಳಲ್ಲಿ ಸಿಡಿಮದ್ದು ಇಟ್ಟ ವಿವಾದ ಎದ್ದಾಗ, 1984ರ ಏಪ್ರಿಲ್ 6ರಂದು, ಮಧ್ಯ ಅಮೆರಿಕಾದ ದೇಶಗಳೊಡನೆ ಇರುವ ವಿವಾದಗಳಿಗೆ ತನ್ನ ಒಪ್ಪಿಗೆ ಈ ಕ್ಷಣದಿಂದಲೇ ಅನ್ವಯಿಸದು ಎಂದು ಪತ್ರ ಕೊಟ್ಟಿತು. ಮೂರು ದಿನ ಕಳೆದು, ಏಪ್ರಿಲ್ 9ರಂದು, ನಿಕರಾಗುವಾ ಮೊಕದ್ದಮೆ ಹೂಡಿತು. ಆರು ತಿಂಗಳ ಮಾತು ಕೊಟ್ಟ ಮೇಲೆ ಮೂರು ದಿನದಲ್ಲಿ ಬಿಡಲು ಬರುವುದಿಲ್ಲ ಎಂದು ಅದೇ ವರ್ಷ ನವೆಂಬರ್ 26ರಂದು ನ್ಯಾಯಾಲಯ ತೀರ್ಮಾನಿಸಿ, ಮೊಕದ್ದಮೆಯನ್ನು ಮುಂದುವರಿಸಿತು. 1986ರ ಜೂನ್ 27ರಂದು ಅಮೆರಿಕಾದ ವಿರುದ್ಧ ತೀರ್ಪು ಬಂದಿತು.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಅಮೆರಿಕಾ ತೀರ್ಪಿನಂತೆ ನಡೆಯಲಿಲ್ಲ. ಭದ್ರತಾ ಮಂಡಲಿಯಲ್ಲಿ ತನ್ನ ವಿರುದ್ಧದ ನಿರ್ಣಯವನ್ನು ವಿಟೋದಿಂದ ತಡೆಯಿತು. ನಿಕರಾಗುವಾದಲ್ಲಿ ಸರ್ಕಾರ ಬದಲಾಗಿ 1991ರಲ್ಲಿ ಮೊಕದ್ದಮೆಯನ್ನೇ ಕೈಬಿಟ್ಟರು. ತೀರ್ಪು ಸಿಕ್ಕಿತು, ಹಣ ಸಿಗಲಿಲ್ಲ. ಡಿಕ್ರಿ ಆಗಿಯೂ ಅಮಲ್ಜಾರಿಗೆ ಅಲೆಯುವ ಕಷ್ಟ ನಮ್ಮ ಮುನ್ಸೀಫ್ ಕೋರ್ಟಿನಲ್ಲೂ ಇರುವುದೇ.

ಎರಡು: ಬಾಗಿಲೇ ಇಲ್ಲದಿದ್ದರೆ

ಹೊರಗೆ ಹೋಗುವ ಮಾತೇ ಇಲ್ಲದ ಒಪ್ಪಂದಗಳೂ ಇವೆ. ಅಂಥವನ್ನು ಸಾಮಾನ್ಯವಾಗಿ ಒಬ್ಬರೇ ಬಿಡುವಂತಿಲ್ಲ. ಬಿಡಬಹುದೆಂಬ ಉದ್ದೇಶ ಎಲ್ಲರಿಗೂ ಇತ್ತೆಂದೋ, ಒಪ್ಪಂದದ ಸ್ವಭಾವವೇ ಹಾಗಿದೆಯೆಂದೋ ತೋರಿಸಿದರೆ ಮಾತ್ರ, ಹನ್ನೆರಡು ತಿಂಗಳ ನೋಟೀಸು ಕೊಟ್ಟು ಹೋಗಬಹುದು ಎಂದು ವಿಯೆನ್ನಾ ಒಡಂಬಡಿಕೆಯ 56ನೆಯ ವಿಧಿ ಹೇಳುತ್ತದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಿಂದ ಹೊರಬರುವುದಾಗಿ ಉತ್ತರ ಕೊರಿಯಾ 1997ರಲ್ಲಿ ನೋಟೀಸು ಕೊಟ್ಟಿತು. ಉಳಿದ ಸದಸ್ಯ ದೇಶಗಳೆಲ್ಲ ಒಪ್ಪದೆ ಇದು ಸಾಧ್ಯವಿಲ್ಲ ಎಂದು ವಿಶ್ವಸಂಸ್ಥೆ ಉತ್ತರ ಕೊಟ್ಟಿತು. ಉತ್ತರ ಕೊರಿಯಾ ಸದಸ್ಯನಾಗಿಯೇ ಉಳಿದು, ಕೆಲವು ವರ್ಷಗಳ ಮೇಲೆ ತನ್ನ ವರದಿಯನ್ನೂ ಸಲ್ಲಿಸಿತು.

"ಕಾಲ ಬದಲಾಗಿದೆ, ಆದುದರಿಂದ ಬಿಡುತ್ತೇವೆ" ಎನ್ನುವುದು ದೇಶಗಳು ಹೆಚ್ಚಾಗಿ ಹೇಳುವ ಕಾರಣ. ಇದನ್ನು ನ್ಯಾಯಾಲಯ ಎಷ್ಟು ಬಿಗಿಯಾಗಿ ನೋಡುತ್ತದೆ ಎಂಬುದಕ್ಕೆ ಡ್ಯಾನ್ಯೂಬ್ ನದಿಯ ಅಣೆಕಟ್ಟಿನ ಕಥೆ ಇದೆ. ಆ ನದಿಗೆ ಜೋಡಿ ಅಣೆಕಟ್ಟು ಕಟ್ಟುವುದೆಂದು ಹಂಗೇರಿ ಮತ್ತು ಜೆಕೊಸ್ಲೊವಾಕಿಯಾ 1977ರ ಸೆಪ್ಟೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವು. ಕುಡಿಯುವ ನೀರಿಗೆ, ಪರಿಸರಕ್ಕೆ ಅಪಾಯವೆಂದು ಹಂಗೇರಿ 1989ರಲ್ಲಿ ತನ್ನ ಪಾಲಿನ ಕೆಲಸ ನಿಲ್ಲಿಸಿತು. 1992ರ ಮೇ ತಿಂಗಳಲ್ಲಿ ಒಪ್ಪಂದವನ್ನೇ ಕೊನೆಗೊಳಿಸಿದೆವೆಂದು ಘೋಷಿಸಿತು. ಅತ್ತ ಎದುರು ಪಕ್ಷದವರು ಬೇರೊಂದು ಯೋಜನೆ ಮಾಡಿ, ತಮ್ಮ ಕಡೆಯಲ್ಲೇ ನದಿಯನ್ನು ತಿರುಗಿಸಿಕೊಂಡರು.

1997ರ ಸೆಪ್ಟೆಂಬರ್ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತು. ಪರಿಸರದ ಕಾಳಜಿ ನಿಜವಾದರೂ, ರಾಜಕೀಯ ವ್ಯವಸ್ಥೆ ಬದಲಾದರೂ, ಲಾಭದ ಲೆಕ್ಕ ಕಡಿಮೆಯಾದರೂ, ಒಪ್ಪಂದವನ್ನು ಒಬ್ಬರೇ ಕೊನೆಗೊಳಿಸುವಷ್ಟು ಮೂಲಭೂತ ಬದಲಾವಣೆ ಅದಲ್ಲ. ಹಂಗೇರಿಯ ನೋಟೀಸಿನಿಂದ ಒಪ್ಪಂದ ಸಾಯಲಿಲ್ಲ. ಆದರೆ ಎದುರು ಪಕ್ಷದವರು ಒಬ್ಬರೇ ನೀರು ತಿರುಗಿಸಿಕೊಂಡು ಬಳಸಿದ್ದೂ ತಪ್ಪು. ಇಬ್ಬರೂ ಒಬ್ಬರಿಗೊಬ್ಬರು ಉತ್ತರವಾದಿಗಳು, ಕೂತು ಮಾತಾಡಿ. ನಮ್ಮ ಊರಿನ ಪಂಚಾಯಿತಿಯಲ್ಲಿ ಹಿರಿಯರು ಬೇಲಿ ಜಗಳದಲ್ಲಿ ಇಬ್ಬರಿಗೂ ಬೈದು ಕಳುಹಿಸಿದಂತೆ ಕಂಡಿತು ನನಗೆ. ಅದರೊಳಗಿನ ತತ್ತ್ವ ಗಟ್ಟಿ: ಒಬ್ಬರು ತಪ್ಪಾಗಿ ಬಿಟ್ಟರೆಂದು ಇನ್ನೊಬ್ಬರಿಗೆ ಮನಸೋ ಇಚ್ಛೆ ನಡೆಯಲು ಪರವಾನಗಿ ಸಿಗುವುದಿಲ್ಲ.

ಮೂರು: ಹಳೆಯ ಬಾಕಿ

ತರುಣ ಸದಸ್ಯರ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ವಿಯೆನ್ನಾ ಒಡಂಬಡಿಕೆಯ 70ನೆಯ ವಿಧಿಯ ಸಾರ ಇಷ್ಟು: ಒಪ್ಪಂದ ಮುಗಿದ ಮೇಲೆ ಮುಂದಕ್ಕೆ ಅದನ್ನು ನಡೆಸುವ ಹೊಣೆ ಇಲ್ಲ. ಆದರೆ ಮುಗಿಯುವ ಮೊದಲೇ ಅದರ ಮೂಲಕ ಹುಟ್ಟಿದ ಹಕ್ಕು, ಹೊಣೆ, ಸ್ಥಿತಿ ಯಾವುದೂ ಅಳಿಯುವುದಿಲ್ಲ. ಬಾಗಿಲು ಮುಂದಕ್ಕೆ ಮುಚ್ಚುತ್ತದೆ, ಹಿಂದಿನದನ್ನು ಮುಚ್ಚುವುದಿಲ್ಲ.

ನಮ್ಮ ಸಂಘದಲ್ಲೂ ಹೀಗೆಯೇ. ಸದಸ್ಯರೊಬ್ಬರು ರಾಜೀನಾಮೆ ಕೊಟ್ಟರೆ ಬೆಳೆ ಸಾಲ ಮನ್ನಾ ಆಗುವುದಿಲ್ಲ. ಅವರು ಸದಸ್ಯರಾಗಿದ್ದ ಕಾಲದ ಹೊಣೆ ಅವರ ಬೆನ್ನಿಗೆ ಇದ್ದೇ ಇರುತ್ತದೆ. 2007ರ ಕಾಫಿ ಒಪ್ಪಂದವನ್ನು ಓದಿದಾಗ ನಮ್ಮ ಉಪನಿಯಮಗಳನ್ನೇ ಓದಿದಂತಾಯಿತು. ಬಿಟ್ಟುಹೋಗುವ ದೇಶ ಈಗಾಗಲೇ ಕಟ್ಟಿದ ಚಂದಾ ಹಿಂದಿರುಗಿಸುವುದಿಲ್ಲ. ಹೊರಹೋಗುವ ದಿನದವರೆಗಿನ ಬಾಕಿಯನ್ನು ಅದು ಕಟ್ಟಲೇಬೇಕು. ಸಂಸ್ಥೆಯ ಆಸ್ತಿಯಲ್ಲಿ ಅದಕ್ಕೆ ಪಾಲಿಲ್ಲ. ಸಂಸ್ಥೆಗೆ ಮುಂದೆ ಬೀಳುವ ಕೊರತೆಯಲ್ಲೂ ಪಾಲಿಲ್ಲ. ಎರಡೂ ಕಡೆಗೆ ಲೆಕ್ಕ ಚೊಕ್ಕ.

ಹಳೆಯ ಬಾಕಿ ಹಣದ್ದೇ ಆಗಬೇಕೆಂದಿಲ್ಲ. ಫಿಲಿಪ್ಪೀನ್ಸ್ ದೇಶ ರೋಮ್ ಶಾಸನವನ್ನು ಬಿಡುವುದಾಗಿ 2018ರ ಮಾರ್ಚಿನಲ್ಲಿ ನೋಟೀಸು ಕೊಟ್ಟು, 2019ರ ಮಾರ್ಚ್ 17ರಿಂದ ಹೊರಗಾಯಿತು. ಆದರೆ ಸದಸ್ಯನಾಗಿದ್ದ ಕಾಲದಲ್ಲಿ ನಡೆದವೆಂಬ ಅಪರಾಧಗಳ ವಿಚಾರಣೆ ನಿಲ್ಲಲಿಲ್ಲ. ನೋಟೀಸು ಕೊಟ್ಟ ಅಧ್ಯಕ್ಷ ಡುಟೆರ್ಟೆ ಅವರನ್ನೇ 2025ರ ಮಾರ್ಚ್ 11ರಂದು ಬಂಧಿಸಿ ಹೇಗ್‌ಗೆ ಕರೆದೊಯ್ದರು.

ನಮ್ಮ ದೇಶದ್ದೇ ಉದಾಹರಣೆಯೂ ಇದೆ. ವಿದೇಶೀ ಬಂಡವಾಳಗಾರರಿಗೆ ರಕ್ಷಣೆ ಕೊಡುವ ಹಳೆಯ ಒಪ್ಪಂದಗಳು ಹೊರೆಯಾದವೆಂದು ಭಾರತ ಸರ್ಕಾರ 2016-17ರ ಸುಮಾರಿಗೆ ಐವತ್ತಕ್ಕೂ ಹೆಚ್ಚು ದೇಶಗಳಿಗೆ ಕೊನೆಗೊಳಿಸುವ ನೋಟೀಸು ಕೊಟ್ಟಿತು. ಒಪ್ಪಂದಗಳಲ್ಲಿದ್ದ ಬಾಗಿಲಿನಿಂದಲೇ, ವಿಧಿವತ್ತಾಗಿ. ಆದರೆ ಅವುಗಳಲ್ಲಿ ಬಹಳಷ್ಟರಲ್ಲಿ ಒಂದು ಕೊನೆಯ ಕಲಮು ಇತ್ತು. ಒಪ್ಪಂದ ಮುಗಿಯುವ ಮೊದಲು ಹೂಡಿದ ಬಂಡವಾಳಕ್ಕೆ ಇನ್ನೂ ಹತ್ತು, ಹದಿನೈದು ವರ್ಷ ರಕ್ಷಣೆ ಮುಂದುವರಿಯುತ್ತದೆ. ತೋಟ ಮಾರಿದರೂ ಹಳೆಯ ಗುತ್ತಿಗೆದಾರನ ಅವಧಿ ತೀರುವವರೆಗೆ ಕಾಯಬೇಕಾದ ಹಾಗೆ.

ದೇಶದೊಳಗಿನದಾದರೂ ಕಾವೇರಿಯ ವಿಷಯ ಇಲ್ಲಿ ನೆನಪಾಗುತ್ತದೆ. ಮೈಸೂರು ಮತ್ತು ಮದ್ರಾಸು 1924ರಲ್ಲಿ ಮಾಡಿಕೊಂಡ ಒಪ್ಪಂದ ಐವತ್ತು ವರ್ಷ ತುಂಬಿ 1974ರಲ್ಲಿ ಮುಗಿಯಿತೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ಹೇಳಿತು. ಆದರೂ ಕನ್ನಂಬಾಡಿ ಕಟ್ಟೆ, ಮೆಟ್ಟೂರು ಕಟ್ಟೆ, ಅವುಗಳ ಕೆಳಗಿನ ಗದ್ದೆಗಳು ಮಾಯವಾಗಲಿಲ್ಲ. ಹಂಚಿಕೆಯ ಲೆಕ್ಕ ಸೊನ್ನೆಯಿಂದ ಆರಂಭವಾಗಲಿಲ್ಲ. ಒಪ್ಪಂದ ಮುಗಿಯಬಹುದು, ಅದರ ಆಸರೆಯಲ್ಲಿ ಬೆಳೆದ ಬದುಕು ಮುಗಿಯುವುದಿಲ್ಲ.

ಈಗ ನಮ್ಮ ನಿರ್ಣಯಕ್ಕೆ ಬರೋಣ

ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ಸಹಿ ಬಿದ್ದು, 2000ದ ಮಾರ್ಚಿನಿಂದ ಜಾರಿಗೆ ಬಂದಿತು. ಅದಕ್ಕೆ ಬಾಗಿಲು ಇದೆ. ಆರು ತಿಂಗಳ ಲಿಖಿತ ನೋಟೀಸು ಕೊಟ್ಟು ಎರಡರಲ್ಲಿ ಯಾವ ದೇಶವಾದರೂ ಹೊರಬರಬಹುದು. ಆದುದರಿಂದ "ನಾಳೆ ಬೆಳಿಗ್ಗೆ" ಎಂಬುದು ಆಗದ ಮಾತು. ಆ ಆರು ತಿಂಗಳೂ ಒಪ್ಪಂದ ಪೂರ್ತಿ ಜೀವಂತ. ಬಾಗಿಲು ಮುಚ್ಚುವುದು ಗೊತ್ತಿರುವ ವ್ಯಾಪಾರಿಗಳು ಸುಮ್ಮನೆ ಕೂರುವರೇ? ಆರು ತಿಂಗಳಲ್ಲಿ ತರಬಹುದಾದಷ್ಟು ಮಾಲನ್ನು ತಂದು ಗೋದಾಮು ತುಂಬಿಸಿಕೊಳ್ಳುತ್ತಾರೆ. ಅದೇ ಸಮಯಕ್ಕೆ ನಮ್ಮ ಕೊಯ್ಲು ಬಂದರೆ ಧಾರಣೆ ಏನಾದೀತೆಂದು ಲೆಕ್ಕ ಹಾಕಿ ನೋಡಿ. 1989ರ ಜುಲೈಯಲ್ಲಿ ಕಾಫಿಗೆ ಆದದ್ದನ್ನು ನಾವು ಕಂಡಿದ್ದೇವೆ.

ಎರಡನೆಯದು, ಈ ಒಪ್ಪಂದ ಅಡಿಕೆ ಮತ್ತು ಮೆಣಸಿಗೆ ಮಾತ್ರ ಮಾಡಿದ್ದಲ್ಲ. ಅದರಡಿಯಲ್ಲಿ ನಮ್ಮ ದೇಶದ ಮಾಲೂ ಅತ್ತ ಹೋಗುತ್ತದೆ. ಬಿಟ್ಟರೆ ಅವರಿಗೂ ಅದೇ ಸ್ವಾತಂತ್ರ್ಯ ಬರುತ್ತದೆ. ಅದರ ಪೆಟ್ಟು ಬೀಳುವುದು ಬೇರೆ ಯಾರದೋ ಕಾರ್ಖಾನೆಯ ಮೇಲೆ, ಬೇರೆ ಯಾವುದೋ ಬೆಳೆಯ ಮೇಲೆ. ಅವರೂ ನಮ್ಮಂತೆಯೇ ನಿರ್ಣಯ ಬರೆಯುವವರು.

ಮೂರನೆಯದು, ಒಪ್ಪಂದದ ಒಳಗೇ ನಮಗೆ ಬೇಕಾದ ಕತ್ತಿಗಳಿವೆ. ಅವುಗಳನ್ನು ಹರಿತ ಮಾಡಿ ಎಂದು ಕೇಳುವುದು ಹೆಚ್ಚು ಫಲಕಾರಿ.

(ಅ) ಮೂಲ ದೇಶದ ನಿಯಮ: ಸುಂಕ ರಿಯಾಯಿತಿ ಸಿಗುವುದು ಶ್ರೀಲಂಕಾದಲ್ಲೇ ಬೆಳೆದ, ಇಲ್ಲವೆ ಅಲ್ಲಿ ಗೊತ್ತಾದ ಪ್ರಮಾಣದಲ್ಲಿ ಮೌಲ್ಯ ಸೇರಿದ ಮಾಲಿಗೆ ಮಾತ್ರ. ಬೇರೆ ದೇಶದ ಅಡಿಕೆ, ಮೆಣಸು ಕೊಲಂಬೋದಲ್ಲಿ ಚೀಲ ಬದಲಾಯಿಸಿಕೊಂಡು ಬಂದರೆ ಅದು ಒಪ್ಪಂದದ ಫಲವಲ್ಲ, ಒಪ್ಪಂದದ ಉಲ್ಲಂಘನೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಸುಂಕ ಇಲಾಖೆಯ ನಿಯಮಗಳ ಪ್ರಕಾರ, ಮಾಲಿನ ಮೂಲದ ವಿವರವನ್ನು ಆಮದುದಾರನೇ ಇಟ್ಟುಕೊಂಡು ಕೇಳಿದಾಗ ತೋರಿಸಬೇಕು. ಸರ್ಟಿಫಿಕೇಟು ಒಂದೇ ಸಾಲದು.

(ಆ) ರಕ್ಷಣಾ ಕಲಮು: ರಿಯಾಯಿತಿಯಿಂದ ಒಳಬರುವ ಮಾಲು ಇಲ್ಲಿಯ ಬೆಳೆಗಾರನಿಗೆ ತೀವ್ರ ಹಾನಿ ಮಾಡುವಂತಿದ್ದರೆ, ಸಮಾಲೋಚನೆ ನಡೆಸಿ ಆ ಮಾಲಿನ ರಿಯಾಯಿತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಒಪ್ಪಂದವೇ ಅವಕಾಶ ಕೊಡುತ್ತದೆ. ಇದಕ್ಕೆ ಹಾನಿಯ ಪುರಾವೆ ಬೇಕು. ಪುರಾವೆಯೆಂದರೆ ಭಾಷಣವಲ್ಲ: ದಿನಾಂಕವಾರು ಧಾರಣೆ, ಆವಕದ ಲೆಕ್ಕ, ನಮ್ಮ ಖರ್ಚಿನ ಪಟ್ಟಿ.

(ಇ) ಕನಿಷ್ಠ ಆಮದು ಬೆಲೆ: ಇದು ಒಪ್ಪಂದದ ಹೊರಗಿನ ಕ್ರಮ. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಗೊತ್ತುಪಡಿಸಿದರು. ಅಡಿಕೆಗೆ ಇದ್ದ 251 ರೂಪಾಯಿಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಅದಕ್ಕೆ ವಿನಾಯಿತಿಯೂ ಉಂಟು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಷರತ್ತಿಲ್ಲದೆ ತರಿಸಲು 2022ರಲ್ಲಿ ಅನುಮತಿ ಕೊಟ್ಟದ್ದು ನಮ್ಮವರಿಗೆಲ್ಲ ನೆನಪಿದೆ. ಕಾಗದದ ಮೇಲೆ ಬೆಲೆ ಹೆಚ್ಚು ತೋರಿಸಿ ಒಳಗೆ ತರುವವರ ಮೇಲೆ ಕಣ್ಣಿಡುವುದೂ ಅಷ್ಟೇ ಮುಖ್ಯ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹೊರಬರುವ ಮಾತು ಇದ್ದೇ ಇದೆ. ಒಪ್ಪಂದ ಮಾಡುವ, ಬಿಡುವ ಅಧಿಕಾರ ಸಂವಿಧಾನದಂತೆ ಕೇಂದ್ರ ಸರ್ಕಾರದ್ದು. ಕೃಷಿ ರಾಜ್ಯದ ವಿಷಯವಾದರೂ ಈ ಕೀಲಿಕೈ ಬೆಂಗಳೂರಿನಲ್ಲಿಲ್ಲ, ದೆಹಲಿಯಲ್ಲಿದೆ. ನಮ್ಮ ಮನವಿ ಎಲ್ಲಿಗೆ ಹೋಗಬೇಕೆಂಬುದೂ ಇದರಿಂದ ತಿಳಿಯುತ್ತದೆ.

ನನಗೆ ತೋಚಿದ್ದು

ಓದುವ ಮೊದಲು ನಾನೂ ಚಪ್ಪಾಳೆ ತಟ್ಟಿದವನೇ. ಓದಿದ ಮೇಲೆ ಮನಸ್ಸು ಸ್ವಲ್ಪ ಬದಲಾಗಿದೆ. ಒಪ್ಪಂದಗಳಿಂದ ದೊಡ್ಡ ದೇಶಗಳು ಬಂದು ಹೋಗಿ ಮಾಡಬಲ್ಲವು. ಅಮೆರಿಕಾ ಕಾಫಿ ಸಂಸ್ಥೆಯನ್ನು ಎರಡು ಸಲ ಬಿಟ್ಟರೂ ಅಲ್ಲಿನವರಿಗೆ ಒಂದು ಬಟ್ಟಲು ಕಾಫಿ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನಮ್ಮ ತಂದೆಯವರ ಗುಂಡಿಗೆ ಬೀಳಬೇಕಾಗಿದ್ದ ಗಿಡ. ಮಾತು ಉಳಿಯಬೇಕಾದ ಅಗತ್ಯ ಬಲಿಷ್ಠನಿಗಿಂತ ಸಣ್ಣವನಿಗೇ ಹೆಚ್ಚು. ಎರಡು ಎಕರೆಯವನು ಮುಂಗಡ ಪಡೆದು, ಗೊಬ್ಬರ ತಂದು, ಮೂರು ವರ್ಷದ ಮುಂದಿನ ಫಸಲಿಗೆ ಇವತ್ತು ಗಿಡ ನೆಡುವವನು. ನಾಳೆ ಬೆಳಿಗ್ಗೆ ಹರಿಯಬಹುದಾದ ಕಾಗದದ ಮೇಲೆ ಅವನು ಹೇಗೆ ನೆಟ್ಟಾನು?

ಹಾಗೆಂದು ನಷ್ಟದ ಒಪ್ಪಂದಕ್ಕೆ ಎಂದೆಂದಿಗೂ ಕಟ್ಟುಬಿದ್ದಿರಬೇಕೆಂದು ನಾನು ಹೇಳುತ್ತಿಲ್ಲ. ಬಿಡುವುದಾದರೆ ಬಾಗಿಲಿನಿಂದ ಬಿಡಬೇಕು, ನೋಟೀಸು ಕೊಟ್ಟು ಬಿಡಬೇಕು, ಬಾಕಿ ತೀರಿಸಿ ಬಿಡಬೇಕು, ಬಿಟ್ಟ ಮರುದಿನ ಏನು ಮಾಡಬೇಕೆಂದು ಮೊದಲೇ ಯೋಚಿಸಿ ಬಿಡಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

ಆದುದರಿಂದ ಮೇಜಿನ ಮೇಲಿರುವ ನಿರ್ಣಯಕ್ಕೆ ಒಂದು ತಿದ್ದುಪಡಿಯನ್ನು ಸದಸ್ಯರ ಮುಂದಿಡುತ್ತಿದ್ದೇನೆ. "ನಾಳೆಯೇ ರದ್ದುಪಡಿಸಬೇಕು" ಎಂಬುದರ ಬದಲಿಗೆ, "ಮೂಲ ದೇಶದ ತಪಾಸಣೆಯನ್ನು ಬಿಗಿಗೊಳಿಸಬೇಕು, ಅಡಿಕೆ ಮತ್ತು ಕಾಳುಮೆಣಸಿಗೆ ರಕ್ಷಣಾ ಕಲಮನ್ನು ಬಳಸಬೇಕು, ಇವು ಫಲಿಸದಿದ್ದಲ್ಲಿ ಒಪ್ಪಂದದ ಪುನರ್ವಿಮರ್ಶೆಗೆ ಶ್ರೀಲಂಕಾದೊಡನೆ ಮಾತುಕತೆ ಆರಂಭಿಸಬೇಕು" ಎಂದು ಬರೆಯೋಣ. ಚಪ್ಪಾಳೆ ತಟ್ಟಿದ ಹಿರಿಯರಲ್ಲಿ ಕ್ಷಮೆ ಕೋರುತ್ತೇನೆ. ಅವರ ಸಿಟ್ಟಿನಲ್ಲಿ ಸುಳ್ಳಿಲ್ಲ. ಆ ಸಿಟ್ಟಿಗೆ ಒಂದು ದಾರಿ ಮಾಡಿಕೊಡುವುದಷ್ಟೇ ಕಾರ್ಯದರ್ಶಿಯ ಕೆಲಸ.

ಈ ತಿದ್ದುಪಡಿ ಅಂಗೀಕಾರವಾಗಬೇಕಾದರೆ ಪುರಾವೆ ಬೇಕು, ಅದು ಇರುವುದು ನಿಮ್ಮ ಮನೆಯಲ್ಲಿ. ಕಳೆದ ಮೂರು ವರ್ಷ ಅಡಿಕೆ, ಮೆಣಸು ಮಾರಿದ ಚೀಟಿಗಳನ್ನು, ಕೊಯ್ಲು ಹಾಗೂ ಸುಲಿಯುವ ಕೂಲಿಯ ಲೆಕ್ಕವನ್ನು ದಯವಿಟ್ಟು ಹುಡುಕಿ ಸಂಘದ ಕಛೇರಿಗೆ ತಲುಪಿಸಿ. ನಕಲು ತೆಗೆದುಕೊಂಡು ಮೂಲವನ್ನು ಅದೇ ದಿನ ಹಿಂತಿರುಗಿಸುತ್ತೇವೆ. ಚೀಟಿ ಇಲ್ಲದವರು ನೆನಪಿನಿಂದ ಬರೆಸಬೇಡಿ. ನೆನಪಿನ ಲೆಕ್ಕ ನಮ್ಮ ನಮ್ಮೊಳಗೆ ನಡೆಯುತ್ತದೆ, ದೆಹಲಿಯಲ್ಲಿ ನಡೆಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ